ನೇಪಲ್ಸ್‌ನಿಂದ ಕಾಪ್ರಿಗೆ ಒಂದು ದಿನದ ಕಡಲಯಾನ: ಮಂಡಿನೋವಿರುವ ಅಮ್ಮನಿಗೆ ನೀಲಿ ಗುಹೆ ತೋರಿಸಬಹುದೇ?

ಪ್ರಶ್ನೆ: ಕುಕ್ಕರಹಳ್ಳಿ_ಕೆರೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೂರನೆಯ ವಾರದಲ್ಲಿ ನಾನು, ನನ್ನ ಪತಿ, ಹತ್ತು ವರ್ಷದ ಮಗ ಮತ್ತು ಮೈಸೂರಿನಿಂದ ಬಂದಿರುವ ನನ್ನ ಅಮ್ಮ, ಹೀಗೆ ನಾಲ್ವರು ಸ್ಟುಟ್‌ಗಾರ್ಟ್‌ನಿಂದ ಇಟಲಿಯ ನೇಪಲ್ಸ್‌ಗೆ ಹೋಗಿ ಮೂರು ರಾತ್ರಿ ತಂಗಲಿದ್ದೇವೆ. ಅದರಲ್ಲಿ ಒಂದು ಇಡೀ ದಿನವನ್ನು ಕಾಪ್ರಿ ದ್ವೀಪಕ್ಕೆಂದು ಮೀಸಲಿಟ್ಟಿದ್ದೇವೆ. ಬೆಳಿಗ್ಗೆ ಹೊರಟು ಸಂಜೆಗೆ ನೇಪಲ್ಸ್‌ಗೆ ಮರಳಬೇಕು. ದ್ವೀಪದಲ್ಲಿ ಉಳಿದುಕೊಳ್ಳುವ ಯೋಚನೆ ಇಲ್ಲ.

ಕಾಪ್ರಿಯನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣವಿದೆ. ನನ್ನ ಅಜ್ಜನ ಮನೆಯ ನಡುಮನೆಯಲ್ಲಿ ವರ್ಷ ಕಳೆದರೂ ಯಾರೂ ಗೋಡೆಯಿಂದ ಇಳಿಸದ ಒಂದು ಕ್ಯಾಲೆಂಡರ್ ಇತ್ತಂತೆ. ಅದರಲ್ಲಿ ಕತ್ತಲೆಯ ಗುಹೆಯೊಳಗೆ ನೀರು ಮಾತ್ರ ನೀಲಿಯಾಗಿ ಬೆಳಗುತ್ತಿದ್ದು, ನಡುವೆ ಒಂದು ಪುಟ್ಟ ದೋಣಿ ನಿಂತಿರುವ ಚಿತ್ರವಿತ್ತು. ಕೆಳಗಡೆ ಕಾಪ್ರಿ ಎಂದು ಅಚ್ಚಾಗಿತ್ತು. ಅಮ್ಮ ಆ ಚಿತ್ರದ ಕೆಳಗೆ ಕುಳಿತೇ ಮಗ್ಗಿ ಕಲಿತವರು. ನಾವು ನೇಪಲ್ಸ್‌ಗೆ ಟಿಕೆಟ್ ಮಾಡಿಸಿದೆವು ಎಂದಾಗ ಅವರು ಮೊದಲು ಕೇಳಿದ್ದು, "ಆ ಗುಹೆ ಅಲ್ಲೇ ತಾನೇ ಇರೋದು?" ಎಂದು.

ಅಮ್ಮನಿಗೆ ಈಗ ಅರವತ್ತೆಂಟು ವರ್ಷ. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಅರ್ಧ ಗಂಟೆ ನಡೆಯಬಲ್ಲರು. ಆದರೆ ಎರಡೂ ಮಂಡಿಗಳಲ್ಲಿ ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರರು, ನೆಲದ ಮೇಲೆ ಕುಳಿತರೆ ಆಸರೆಯಿಲ್ಲದೆ ಏಳಲಾರರು. ಹಡಗಿನ ಪ್ರಯಾಣ ಅವರಿಗೆ ಇದೇ ಮೊದಲು, ಮತ್ತು ಘಾಟಿ ರಸ್ತೆಯಲ್ಲಿ ಬಸ್ಸು ತಿರುಗಿದರೆ ಹೊಟ್ಟೆ ತೊಳಸುತ್ತದೆ. ಮೊಟ್ಟೆಯನ್ನೂ ತಿನ್ನುವುದಿಲ್ಲ. ಇಂಥವರನ್ನು ಕರೆದುಕೊಂಡು ಯಾವ ದೋಣಿಯಲ್ಲಿ ಹೋಗುವುದು ಸೂಕ್ತ, ನೀಲಿ ಗುಹೆಯೊಳಗೆ ಹೋಗುವುದು ಅವರಿಂದ ಆಗುವ ಮಾತೇ, ಆಗದಿದ್ದರೆ ಆ ದಿನವನ್ನು ಹೇಗೆ ಕಳೆಯಬೇಕು ಎಂಬುದನ್ನು ಅಲ್ಲಿಗೆ ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕಾಳಿನದಿ

ನಮಸ್ಕಾರ ಮೇಡಂ. ನಾನು ಕಾರವಾರದವನು, ಸರಕು ಹಡಗುಗಳಲ್ಲಿ ಮೂವತ್ತು ವರ್ಷ ದುಡಿದು ಈಗ ಊರಿನಲ್ಲಿದ್ದೇನೆ. ನೇಪಲ್ಸ್ ಬಂದರಿಗೆ ಹಲವು ಸಲ ಹೋಗಿದ್ದೇನೆ, ಬಿಡುವು ಸಿಕ್ಕಾಗ ಎರಡು ಬಾರಿ ಕಾಪ್ರಿಗೂ ಹೋಗಿ ಬಂದಿದ್ದೇನೆ. ಆದ್ದರಿಂದ ಕಡಲಿನ ವಿಚಾರವನ್ನು ನಾನು ಹೇಳುತ್ತೇನೆ, ಊಟ-ಓಡಾಟದ ವಿಚಾರವನ್ನು ಬೇರೆಯವರು ಹೇಳಲಿ.

ನೇಪಲ್ಸ್‌ನಲ್ಲಿ ಕಾಪ್ರಿಗೆ ಹೊರಡುವ ದಕ್ಕೆಗಳು ಎರಡಿವೆ, ಇದು ಗೊತ್ತಿಲ್ಲದೆ ಬೆಳಗಿನ ಹೊತ್ತು ಅಲ್ಲಿಂದಿಲ್ಲಿಗೆ ಓಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೆಯ ಕೋಟೆಯ ಎದುರಿಗಿರುವ ಮೊಲೊ ಬೆವೆರೆಲ್ಲೊದಿಂದ ವೇಗದ ದೋಣಿಗಳು ಹೊರಡುತ್ತವೆ. ಅವು ಸುಮಾರು 50 ನಿಮಿಷದಲ್ಲಿ ದ್ವೀಪ ಮುಟ್ಟಿಸುತ್ತವೆ. ವಾಹನಗಳನ್ನೂ ಹೊತ್ತೊಯ್ಯುವ ದೊಡ್ಡ ಹಡಗುಗಳು ಸ್ವಲ್ಪ ದೂರದ ಕಲಾತಾ ಪೋರ್ತಾ ದಿ ಮಾಸ್ಸಾ ಎಂಬ ದಕ್ಕೆಯಿಂದ ಹೊರಡುತ್ತವೆ. ಅವು ಒಂದೂಕಾಲು ಗಂಟೆಗೂ ಮಿಕ್ಕಿ ಸಮಯ ತೆಗೆದುಕೊಳ್ಳುತ್ತವೆ. ಎರಡಕ್ಕೂ ಮುನಿಚಿಪಿಯೊ ಮೆಟ್ರೊ ನಿಲ್ದಾಣವೇ ಹತ್ತಿರ. ವೇಳಾಪಟ್ಟಿಯಲ್ಲಿ ದೊಡ್ಡ ಹಡಗಿನ ಮುಂದೆ 'ನಾವೆ' ಎಂದು ಬರೆದಿರುತ್ತದೆ. ಇಟಾಲಿಯನ್ನರು ಹಡಗನ್ನು ಕರೆಯುವುದೇ ಹಾಗೆ. ಲ್ಯಾಟಿನ್‌ನಿಂದ ಅವರಿಗೆ ಬಂದ ಪದವೂ ಸಂಸ್ಕೃತದಿಂದ ನಮಗೆ ಬಂದ ಪದವೂ ಒಂದೇ ಮೂಲದವು. ತಮ್ಮ ತಾಯಿಯವರಿಗೆ ನಾನು ಹೇಳುವುದು ಆ ನಾವೆಯನ್ನೇ.

ಏಕೆಂದರೆ ವೇಗದ ದೋಣಿಯಲ್ಲಿ ಎಲ್ಲರೂ ಮುಚ್ಚಿದ ಕೋಣೆಯೊಳಗೆ ಕುಳಿತಿರಬೇಕಾಗುತ್ತದೆ. ಅಲೆ ಎದ್ದಾಗ ದಿಗಂತ ಕಣ್ಣಿಗೆ ಕಾಣದಿದ್ದರೆ ಹೊಟ್ಟೆ ತೊಳಸುವುದು ಹೆಚ್ಚು. ದೊಡ್ಡ ಹಡಗು ಅಷ್ಟು ಕುಲುಕುವುದಿಲ್ಲ, ಮೇಲಿನ ಅಟ್ಟದಲ್ಲಿ ಬಯಲಿಗೆ ಕುಳಿತುಕೊಳ್ಳಬಹುದು, ಹೋಗುವಾಗ ಎಡಗಡೆಗೆ ವೆಸೂವಿಯಸ್ ಬೆಟ್ಟ ನಿಧಾನವಾಗಿ ಹಿಂದೆ ಸರಿಯುವುದನ್ನು ನೋಡುತ್ತಲೇ ಹೋಗಬಹುದು. ಗಾಳಿ ಜೋರಾದ ದಿನ ಮೊದಲು ರದ್ದಾಗುವುದೂ ವೇಗದ ದೋಣಿಗಳೇ. ಹಡಗಿನ ನಡುಭಾಗದಲ್ಲಿ ಕುಳಿತುಕೊಳ್ಳಿ. ಮೂತಿಯ ಕಡೆ ಏರಿಳಿತ ಹೆಚ್ಚು. ಖಾಲಿ ಹೊಟ್ಟೆಯಲ್ಲಿ ಹೊರಡಿಸಬೇಡಿ, ಎರಡು ಇಡ್ಲಿಯಷ್ಟು ಹಗುರವಾದದ್ದು ಏನಾದರೂ ಹೊಟ್ಟೆಯಲ್ಲಿರಲಿ.

ಇನ್ನು ನೀಲಿ ಗುಹೆಯ ವಿಚಾರ. ಇದನ್ನು ತುಸು ನೇರವಾಗಿಯೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಗುಹೆ ದ್ವೀಪದ ವಾಯವ್ಯ ಮೂಲೆಯಲ್ಲಿದೆ. ಅದರ ಬಾಯಿ ನೀರಿನಿಂದ ಮೇಲಕ್ಕೆ ಸುಮಾರು ಒಂದು ಮೀಟರ್ ಮಾತ್ರ. ನಾಲ್ಕು ಜನ ಹಿಡಿಸುವ ಚಿಕ್ಕ ಹುಟ್ಟುದೋಣಿಯಲ್ಲಿ ತಳಕ್ಕೆ ಕುಳಿತು, ಬಾಯಿ ಹತ್ತಿರ ಬಂದಾಗ ಹಿಂದಕ್ಕೆ ಒರಗಿ ಬಹುತೇಕ ಮಲಗಿಯೇಬಿಡಬೇಕು. ಅಂಬಿಗನು ಬಂಡೆಗೆ ಬಿಗಿದ ಸರಪಳಿಯನ್ನು ಹಿಡಿದು, ಅಲೆ ಇಳಿದ ಕ್ಷಣವನ್ನು ನೋಡಿಕೊಂಡು ದೋಣಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ. ಬಂದರಿನಿಂದ ಮೋಟಾರು ದೋಣಿಯಲ್ಲಿ ಹೋದವರು ನಡುನೀರಿನಲ್ಲೇ ಅದರಿಂದ ಈ ಹುಟ್ಟುದೋಣಿಗೆ ಇಳಿಯಬೇಕು. ಒಂದು ದೋಣಿ ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ. ಮಂಡಿ ಮಡಿಸಲಾಗದವರಿಗೆ ಇದು ಕಷ್ಟವೆಂದರೆ ಸಾಲದು, ಅಪಾಯವೂ ಹೌದು. ಒಳಗೆ ಸಿಗುವುದು ಐದು ನಿಮಿಷ; ಹೊರಗೆ ಕಾಯುವುದು ಒಂದು ಗಂಟೆಯೂ ಆಗಬಹುದು.

ಇದೆಲ್ಲಕ್ಕೂ ಮೇಲೆ, ಬಂದರಿನಲ್ಲಿ ನೀರು ಕನ್ನಡಿಯಂತಿದ್ದರೂ ವಾಯವ್ಯದಿಂದ ಮಾಯೆಸ್ತ್ರಾಲೆ ಗಾಳಿ ಬೀಸಿದರೆ ಗುಹೆಯ ಬಾಯಲ್ಲಿ ಅಲೆ ಏಳುತ್ತದೆ, ಆ ದಿನ ಗುಹೆ ಮುಚ್ಚುತ್ತದೆ. ಮಲ್ಪೆಯಲ್ಲಿ ಮಳೆಗಾಲಕ್ಕೆ ಸೇಂಟ್ ಮೇರಿಸ್ ದ್ವೀಪದ ದೋಣಿಗಳನ್ನು ನಿಲ್ಲಿಸುವುದು ನಮಗೆಲ್ಲ ಗೊತ್ತಿರುವ ಸಂಗತಿ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲಿಯೂ ಹಾಗೆಯೇ, ಆದರೆ ಇದು ಆ ಬೆಳಿಗ್ಗೆಯೇ ತಿಳಿಯುವ ವಿಚಾರ. ಆದಕಾರಣ ಇಡೀ ದಿನವನ್ನು ಗುಹೆಯ ಮೇಲೆ ನಿಲ್ಲಿಸಬೇಡಿ. ಮರೀನಾ ಗ್ರಾಂದೆ ಬಂದರಿನಿಂದಲೇ ದ್ವೀಪದ ಸುತ್ತ ಒಂದು ಗಂಟೆಯ ದೋಣಿ ಸುತ್ತಾಟ ಇರುತ್ತದೆ. ದಕ್ಕೆಯಿಂದಲೇ ಹತ್ತಿ ಬೆಂಚಿನ ಮೇಲೆ ಕುಳಿತೇ ನೋಡಿಕೊಂಡು ಬರಬಹುದು. ತಾಯಿಯವರಿಗೆ ಅದು ಸರಿಹೋಗುತ್ತದೆ.

ಹಿಂದಿರುಗುವ ಟಿಕೆಟನ್ನು ಬೆಳಿಗ್ಗೆಯೇ ತೆಗೆದುಕೊಳ್ಳಿ ಎಂಬುದು ನನ್ನ ಕೊನೆಯ ಮಾತು. ಸಂಜೆಯ ಹಡಗುಗಳು ತುಂಬಿರುತ್ತವೆ, ಕೊನೆಯದನ್ನು ನಂಬಿಕೊಂಡು ಕೂರುವುದು ಒಳ್ಳೆಯದಲ್ಲ. ಅದಕ್ಕಿಂತ ಒಂದು ಮುಂಚಿನದನ್ನು ಗೊತ್ತು ಮಾಡಿಕೊಳ್ಳಿ.

ಉತ್ತರ 2: ಮಿಲಾನೊದಿಂದ_ಮಲೆನಾಡು

ಕಾಳಿನದಿಯವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಮಿಲಾನೊದಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ, ಕಾಪ್ರಿಗೆ ಮೂರು ಸಲ ಹೋಗಿದ್ದೇನೆ, ಒಂದು ಸಲ ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯವರ ಜೊತೆಗೆ. ಆ ಸಲದ ಅನುಭವವೇ ತಮಗೆ ಹೆಚ್ಚು ಉಪಯೋಗವಾದೀತು.

ಆಗ ನಾವು ಒಂದು ಪ್ರವಾಸ ಸಂಸ್ಥೆಯ ಮೂಲಕ, ದೋಣಿ, ಗುಹೆ, ಊಟ ಎಲ್ಲವೂ ಸೇರಿದೆ ಎಂದು ನಂಬಿ ದೊಡ್ಡ ಮೊತ್ತ ಕೊಟ್ಟಿದ್ದೆವು. ಗುಹೆಯ ಮುಂದೆ ಹೋದ ಮೇಲೆ, ಒಳಗೆ ಹೋಗುವ ಹುಟ್ಟುದೋಣಿಯ ಹಣ ಅದರಲ್ಲಿ ಸೇರಿಲ್ಲ, ಅದು ಪ್ರತ್ಯೇಕ ಎಂದು ತಿಳಿಯಿತು. ಅತ್ತೆಯವರು ಹುಟ್ಟುದೋಣಿಗೆ ಇಳಿಯಲು ಹೆದರಿ ಮೋಟಾರು ದೋಣಿಯಲ್ಲೇ ಉಳಿದರು, ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕಾದರು. ನಾನು ಒಳಗೆ ಹೋಗಿ ಬಂದೆ, ಆದರೆ ಹೊರಗೆ ಬಂದಾಗ ಅವರ ಮುಖ ನೋಡಿ ನನಗೆ ಒಳಗಿನ ನೀಲಿಯೆಲ್ಲ ಮರೆತುಹೋಯಿತು. ಆದ್ದರಿಂದ ಯಾವುದನ್ನೂ ಒಟ್ಟಾಗಿ ಮೊದಲೇ ಕೊಂಡುಕೊಳ್ಳಬೇಡಿ. ಹಡಗಿನ ಟಿಕೆಟ್ ಮಾತ್ರ ತೆಗೆದುಕೊಳ್ಳಿ. ದ್ವೀಪಕ್ಕೆ ಕಾಲಿಡುವವರಿಂದ ಪುರಸಭೆ ವಸೂಲು ಮಾಡುವ ಶುಲ್ಕ, 2024ರಿಂದ ಏಪ್ರಿಲ್‌ನಿಂದ ಅಕ್ಟೋಬರ್ ತನಕ 5 ಯೂರೊ, ಆ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಮಿಕ್ಕದ್ದನ್ನೆಲ್ಲ ಇಳಿದ ಮೇಲೆ, ಆಕಾಶ-ಗಾಳಿ ನೋಡಿ ತೀರ್ಮಾನಿಸಬಹುದು.

ಇಳಿದ ಕೂಡಲೇ ಎಲ್ಲರೂ ಫನಿಕುಲರ್ ಕಡೆಗೆ ಧಾವಿಸುತ್ತಾರೆ. ಅದು 1907ರಿಂದ ಓಡುತ್ತಿರುವ, ಬಂದರಿನಿಂದ ಮೇಲಿನ ಕಾಪ್ರಿ ಊರಿನ ಪುಟ್ಟ ಚೌಕದವರೆಗೆ ಹಗ್ಗದಿಂದ ಎಳೆಯುವ ರೈಲು. ಐದು ನಿಮಿಷದೊಳಗೆ ಮೇಲಕ್ಕೆ ಮುಟ್ಟಿಸುತ್ತದೆ, ಆದರೆ ಸರದಿ ಉದ್ದವಿರುತ್ತದೆ. ಆ ಚೌಕ ಸುಂದರವಾಗಿದೆ ನಿಜ, ಆದರೆ ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಕಾಫಿಗೆ ಕುಳಿತರೆ ಬೆಲೆ ಕೇಳಿಯೇ ಕುಳಿತುಕೊಳ್ಳಿ. ನನ್ನ ಸಲಹೆಯೆಂದರೆ ಜನ ಆ ಕಡೆ ಹೋಗುವಾಗ ನೀವು ಅನಾಕಾಪ್ರಿಗೆ ಹೋಗಿ. ಅದು ದ್ವೀಪದ ಎರಡನೆಯ ಊರು, ಇನ್ನೂ ಎತ್ತರದಲ್ಲಿದೆ. ಹಿಂದೆ ಬಂದರಿನಿಂದ ಅಲ್ಲಿಗೆ ಇದ್ದದ್ದು 921 ಮೆಟ್ಟಿಲುಗಳ ಒಂದೇ ದಾರಿ. ರಸ್ತೆಯಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಆ ರಸ್ತೆ ಬಂಡೆಯ ಅಂಚಿಗೆ ಅಂಟಿಕೊಂಡಂತಿದೆ, ಪುಟ್ಟ ಬಸ್ಸುಗಳಲ್ಲಿ ನಿಂತುಕೊಂಡು ಹೋಗಬೇಕಾಗುತ್ತದೆ. ನೀವು ನಾಲ್ವರಿದ್ದೀರಿ, ಅಮ್ಮನಿಗೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ ಎಂದಿದ್ದೀರಿ; ಮೇಲಕ್ಕೆ ಹೋಗುವಾಗಲಾದರೂ ಟ್ಯಾಕ್ಸಿ ಮಾಡಿ. ಅಲ್ಲಿಯ ಟ್ಯಾಕ್ಸಿಗಳಿಗೆ ಗಟ್ಟಿ ಚಾವಣಿ ಇರುವುದಿಲ್ಲ, ಗಾಳಿಗೆ ಮುಖವೊಡ್ಡಿ ಕುಳಿತರೆ ತೊಂದರೆಯಾಗುವುದಿಲ್ಲ.

ಅನಾಕಾಪ್ರಿಯ ಚೌಕದಿಂದ 589 ಮೀಟರ್ ಎತ್ತರದ ಮೊಂತೆ ಸೊಲಾರೊ ಶಿಖರಕ್ಕೆ ಚೇರ್‌ಲಿಫ್ಟ್ ಇದೆ. ಒಬ್ಬೊಬ್ಬರೇ ಕೂರುವ ಕುರ್ಚಿ. ಹಿಂದಿನಿಂದ ಬಂದು ಮಂಡಿಯ ಹಿಂಭಾಗಕ್ಕೆ ತಾಗಿದ ಕೂಡಲೇ ಕೂರಬೇಕು, ಇಳಿಯುವಾಗಲೂ ತಡಮಾಡುವಂತಿಲ್ಲ. ಕಾಲ ಕೆಳಗೆ ಜನರ ಹಿತ್ತಲು, ದ್ರಾಕ್ಷಿಯ ಚಪ್ಪರ, ಒಣಹಾಕಿದ ಬಟ್ಟೆ ಎಲ್ಲ ಸಾಗಿಹೋಗುತ್ತದೆ. ನಮ್ಮ ಅತ್ತೆಯವರು ಸಿಬ್ಬಂದಿಯ ಕೈ ಹಿಡಿದು ಕುಳಿತರು, ಆದರೆ ಅವರ ಮಂಡಿ ಗಟ್ಟಿಯಿತ್ತು. ತಮ್ಮ ಅಮ್ಮನ ವಿಚಾರವನ್ನು ಅಲ್ಲಿ ನೋಡಿಕೊಂಡು ನಿರ್ಧರಿಸಿ. ಅದೇ ಚೌಕದಿಂದ ಸಮತಟ್ಟಾದ ಓಣಿಯಲ್ಲಿ ಸ್ವಲ್ಪ ನಡೆದರೆ, ಸ್ವೀಡನ್ನಿನ ವೈದ್ಯರೊಬ್ಬರು ಕಟ್ಟಿಸಿದ ವಿಲ್ಲಾ ಸಾನ್ ಮಿಕೇಲೆ ಇದೆ. ಅದರ ಜಗಲಿಯಿಂದ ಬಂದರು, ಕೊಲ್ಲಿ, ವೆಸೂವಿಯಸ್ ಎಲ್ಲವೂ ಕಾಣುತ್ತವೆ. ಊರೊಳಗಿನ ಸಾನ್ ಮಿಕೇಲೆ ಚರ್ಚಿನ ನೆಲವನ್ನಂತೂ ಬಿಡಬೇಡಿ. 1761ರಲ್ಲಿ ಬಣ್ಣದ ಹೆಂಚುಗಳಿಂದ ಇಡೀ ನೆಲದ ತುಂಬ ಈಡನ್ ತೋಟವನ್ನೂ ಅದರಿಂದ ಹೊರಬೀಳುವ ಆದಾಮ ಹವ್ವರನ್ನೂ ನೂರೆಂಟು ಮೃಗಪಕ್ಷಿಗಳನ್ನೂ ಬರೆದಿದ್ದಾರೆ; ಅದನ್ನು ತುಳಿಯದಂತೆ ಗೋಡೆಯಂಚಿಗೆ ಹಲಗೆ ಹಾಕಿದ್ದಾರೆ.

ಊಟಕ್ಕೆ ಚಿಂತೆ ಬೇಡ, ಎಚ್ಚರಿಕೆ ಬೇಕು. ದ್ವೀಪದ ಹೆಸರನ್ನೇ ಹೊತ್ತ ತೋರ್ತಾ ಕಾಪ್ರೇಸೆ ಎಂಬ ಬಾದಾಮಿ-ಚಾಕೊಲೇಟ್ ಕೇಕಿನಲ್ಲಿ ಮೊಟ್ಟೆ ಇರುತ್ತದೆ, ರವಿಯೋಲಿ ಎಂಬ ಕಡುಬಿನಂಥ ಪಾಸ್ತಾದ ಹೂರಣದಲ್ಲೂ ಇರುತ್ತದೆ. ಟೊಮೇಟೊ, ಮೊತ್ಸಾರೆಲ್ಲಾ, ತುಳಸಿಯ ಜಾತಿಯ ಬಾಸಿಲಿಕೊ ಎಲೆಯ ಕಾಪ್ರೇಸೆ ಸಲಾಡ್‌ನಲ್ಲಿ ಇರುವುದಿಲ್ಲ. ಮರಿನಾರಾ ಪಿಜ್ಜಾ ಎಂದರೆ ಹೆಸರು ಕೇಳಿ ಮೀನಿದೆ ಎಂದುಕೊಳ್ಳಬೇಡಿ. ಅದರಲ್ಲಿ ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ ಮತ್ತು ಎಣ್ಣೆ ಅಷ್ಟೇ, ಚೀಸ್ ಕೂಡ ಇರುವುದಿಲ್ಲ. ನಮ್ಮ ಅತ್ತೆಯವರು ಅದರ ಮೇಲೆ ಚೀಲದಿಂದ ತೆಗೆದ ಹುರಿಗಡಲೆ ಚಟ್ನಿಪುಡಿಯನ್ನು ಉದುರಿಸಿಕೊಂಡು ತೃಪ್ತಿಯಾಗಿ ತಿಂದರು. 'ಸೆಂತ್ಸಾ ವೋವಾ' ಎಂದರೆ ಮೊಟ್ಟೆ ಇಲ್ಲದೆ ಎಂದು ಅರ್ಥ, ಮಗನಿಗೆ ಕಲಿಸಿ.

ಗುಹೆ ಕಾಣದಿದ್ದರೂ ಅಮ್ಮನಿಗೆ ನೀಲಿಯ ಕೊರತೆಯಾಗದು. ಮೇಲಿನ ಆಕಾಶದ ನೀಲಿಯೇ ಅಲ್ಲಿಯ ತಿಳಿನೀರಿನಲ್ಲಿ ಪ್ರತಿಫಲಿಸಿ ಸುತ್ತೆಲ್ಲ ಕಡಲು ಹಾಗೆ ಕಾಣುತ್ತದೆ.

ಉತ್ತರ 3: ನಿವೃತ್ತ_ಮೇಷ್ಟ್ರು_ರಾಜಾಜಿನಗರ

ಮಿಲಾನೊದ ಸೋದರಿ ಬರೆದ ಕೊನೆಯ ವಾಕ್ಯವೊಂದನ್ನು ಮಾತ್ರ ತಿದ್ದಲು ಅನುಮತಿ ಕೋರುತ್ತೇನೆ. ಭೌತಶಾಸ್ತ್ರ ಪಾಠ ಮಾಡಿದವನಿಗೆ ಅದನ್ನು ಹಾಗೆಯೇ ಬಿಡಲು ಮನಸ್ಸಾಗುವುದಿಲ್ಲ, ಏಕೆಂದರೆ ಆ ತಪ್ಪನ್ನು ತಿದ್ದಿದವರು ನಮ್ಮ ಸಿ. ವಿ. ರಾಮನ್, ತಿದ್ದಲು ಅವರಿಗೆ ಕಾರಣವಾದದ್ದು ಇದೇ ಮೆಡಿಟರೇನಿಯನ್ ಸಮುದ್ರ.

ಆಳಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೇ ಹೊರತು ನೀರಿನ ಬಣ್ಣವಲ್ಲ ಎಂದು ಹೇಳಿದ್ದವರು ಸಾಮಾನ್ಯರಲ್ಲ, ಇಂಗ್ಲೆಂಡಿನ ಹೆಸರಾಂತ ಭೌತವಿಜ್ಞಾನಿ ಲಾರ್ಡ್ ರೇಲಿ. 1921ರಲ್ಲಿ ರಾಮನ್ ಇಂಗ್ಲೆಂಡಿಗೆ ಹೋಗಿ ನಾರ್ಕುಂಡಾ ಎಂಬ ಹಡಗಿನಲ್ಲಿ ಮರಳುವಾಗ ಜೊತೆಯಲ್ಲಿ ಒಂದು ನಿಕೋಲ್ ಪಟ್ಟಕವಿತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಧ್ರುವೀಕೃತವಾಗಿರುತ್ತದೆ, ಅಂದರೆ ಅದರ ಕಂಪನ ಒಂದೇ ದಿಕ್ಕಿನಲ್ಲಿರುತ್ತದೆ. ಪಟ್ಟಕವನ್ನು ತಿರುಗಿಸಿ ಅದನ್ನು ತಡೆದುಬಿಡಬಹುದು. ಹಡಗಿನ ಅಟ್ಟದಿಂದ ಹಾಗೆ ತಡೆದು ನೋಡಿದಾಗ ಆಕಾಶದ ಪ್ರತಿಬಿಂಬ ಅಳಿಯಿತು, ಆದರೆ ನೀಲಿ ಅಳಿಯಲಿಲ್ಲ. ಬದಲಾಗಿ ಇನ್ನೂ ಗಾಢವಾಯಿತು. ಬೊಂಬಾಯಿ ಬಂದರು ತಲುಪಿದ ಕೂಡಲೇ ಅಲ್ಲಿಂದಲೇ ಈ ಕುರಿತು ನೇಚರ್ ಪತ್ರಿಕೆಗೆ ಪತ್ರ ಬರೆದರು. ನೀರಿನ ಅಣುಗಳು ಬೆಳಕನ್ನು ಚದುರಿಸುವ ಬಗೆಗೆ ಅಂದು ಹಿಡಿದ ಎಳೆಯೇ 1928ರ ಶೋಧಕ್ಕೂ 1930ರ ನೊಬೆಲ್ ಪ್ರಶಸ್ತಿಗೂ ಕರೆದೊಯ್ದಿತು. ಅವರು ಬೆಂಗಳೂರಿಗೆ ಬಂದದ್ದು ಆಮೇಲೆ, 1933ರಲ್ಲಿ.

ಕಾಪ್ರಿಯ ಗುಹೆಯು ಇದೇ ಮಾತನ್ನು ಇನ್ನೊಂದು ರೀತಿಯಲ್ಲಿ ತೋರಿಸುತ್ತದೆ, ಏಕೆಂದರೆ ಅದರೊಳಗೆ ಆಕಾಶವೇ ಇಲ್ಲ. ದೋಣಿ ನುಗ್ಗುವ ಕಿರುಬಾಯಿಯ ಕೆಳಗೆ, ನೀರಿನೊಳಗೆ, ಅದಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ತೆರಪು ಇದೆ. ಬಿಸಿಲು ಅದರ ಮೂಲಕ ನೀರನ್ನು ಹಾದು ಒಳಗೆ ಬರುತ್ತದೆ. ಹಾದು ಬರುವಾಗ ನೀರು ಕೆಂಪು ಭಾಗವನ್ನು ಹೀರಿಕೊಳ್ಳುತ್ತದೆ, ಉಳಿದ ನೀಲಿ ತಳದ ಬಿಳಿಯ ಮರಳಿಗೆ ತಾಗಿ ಕೆಳಗಿನಿಂದ ಮೇಲಕ್ಕೆ ಬೆಳಗುತ್ತದೆ. ನೀರಿನಲ್ಲಿ ಅದ್ದಿದ ಹುಟ್ಟು ಬೆಳ್ಳಿಯಂತೆ ಹೊಳೆಯುವುದು ಅದಕ್ಕೆ ಅಂಟಿದ ಗಾಳಿಗುಳ್ಳೆಗಳಿಂದ. ಸ್ಥಳೀಯರಿಗೆ ಈ ಗುಹೆ ಮೊದಲೇ ಗೊತ್ತಿತ್ತು, ದೆವ್ವದ ಭಯದಿಂದ ಹತ್ತಿರ ಸುಳಿಯುತ್ತಿರಲಿಲ್ಲ. 1826ರಲ್ಲಿ ಆಗಸ್ಟ್ ಕೋಪಿಶ್, ಅರ್ನ್ಸ್ಟ್ ಫ್ರೀಸ್ ಎಂಬ ಇಬ್ಬರು ಜರ್ಮನರು ಊರಿನ ಬೆಸ್ತನೊಬ್ಬನ ಜೊತೆಗೆ ಈಜಿಕೊಂಡು ಒಳಹೊಕ್ಕ ಮೇಲೆ ಹೊರಗಿನ ಲೋಕಕ್ಕೆ ತಿಳಿಯಿತು. ರೋಮನ್ನರ ಕಾಲದಲ್ಲಿ ಅದು ಅರಸರ ಜಲಮಂದಿರದಂತಿತ್ತು. ಅದರ ತಳದಿಂದ 1964ರಲ್ಲಿ ಸಮುದ್ರದೇವತೆಗಳ ಶಿಲ್ಪಗಳನ್ನು ಮೇಲೆತ್ತಿದ್ದಾರೆ.

ತಾಯಿಯವರಿಗೆ ಒಂದು ಪ್ರಯೋಗ ಹೇಳುತ್ತೇನೆ. ಕಾರು ಓಡಿಸುವವರು ಹಾಕಿಕೊಳ್ಳುವ ಪೋಲರಾಯ್ಡ್ ಕನ್ನಡಕವನ್ನು ತೆಗೆದುಕೊಂಡು ಹೋಗಿ. ಹಡಗಿನ ಕಟಕಟೆಯ ಬಳಿ ನಿಂತು, ನೇರ ಕೆಳಕ್ಕಲ್ಲದೆ ತುಸು ಓರೆಯಾಗಿ ನೀರನ್ನು ನೋಡಲಿ. ಲಂಬದಿಂದ ಸುಮಾರು 53 ಡಿಗ್ರಿ. ಕನ್ನಡಕವನ್ನು ಕೈಯಲ್ಲಿ ಹಿಡಿದು ಒಂದು ಗಾಜಿನ ಮೂಲಕ ನೋಡುತ್ತಾ ನಿಧಾನವಾಗಿ ತಿರುಗಿಸಲಿ. ನೀರಿನ ಹೊಳಪು ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಹೋದಾಗ ಕಾಣುವುದು ರಾಮನ್ ಕಂಡ ನೀಲಿ.

ಉತ್ತರ 4: ಅಲೆಮಾರಿ_2009

ಬೇರೊಂದು ಅಭಿಪ್ರಾಯಕ್ಕೂ ಜಾಗವಿರಲಿ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಅದೇ ಕೊಲ್ಲಿಯ ಪ್ರೊಚಿದಾ ದ್ವೀಪ ಹೆಚ್ಚು ಹಿತ. 4 ಚದರ ಕಿಲೋಮೀಟರ್ ತುಂಬದ ಪುಟ್ಟ ದ್ವೀಪ, ಬೆಸ್ತರ ಹಳದಿ-ಗುಲಾಬಿ ಮನೆಗಳ ಸಾಲು, 2022ರಲ್ಲಿ ಇಟಲಿಯ ಸಂಸ್ಕೃತಿ ರಾಜಧಾನಿಯ ಗೌರವ ಪಡೆದಿತ್ತು. ನೂಕುನುಗ್ಗಲು ಬಹಳ ಕಡಿಮೆ. ಕಾಪ್ರಿಯಲ್ಲಿ ಜನಸಂದಣಿಯ ಭಾರ ಎಷ್ಟೆಂದರೆ, 2024ರ ಜೂನ್ 22ರಂದು ದ್ವೀಪಕ್ಕೆ ನೀರು ತರುವ ಕೊಳವೆ ಮಾರ್ಗದಲ್ಲಿ ತೊಂದರೆಯಾದಾಗ ಪ್ರವಾಸಿಗರು ಇಳಿಯದಂತೆ ಅಲ್ಲಿಯ ಮೇಯರ್ ಆದೇಶ ಹೊರಡಿಸಬೇಕಾಯಿತು. ಅಲ್ಲಿ ನದಿಯಿಲ್ಲ, ಹೊಳೆಯಿಲ್ಲ. ಕ್ರಿ.ಶ. 27ರಿಂದ ಹತ್ತು ವರ್ಷ ಅಲ್ಲಿಂದಲೇ ಸಾಮ್ರಾಜ್ಯ ಆಳಿದ ರೋಮನ್ ಚಕ್ರವರ್ತಿ ಟೈಬೀರಿಯಸ್ ಕೂಡ ಬೆಟ್ಟದ ಮೇಲಿನ ತನ್ನ ಅರಮನೆಯಲ್ಲಿ ಮಳೆನೀರಿಗಾಗಿ ದೊಡ್ಡ ತೊಟ್ಟಿಗಳನ್ನು ಕಟ್ಟಿಸಿಕೊಂಡಿದ್ದ.

ಉತ್ತರ 5: ಮಿಲಾನೊದಿಂದ_ಮಲೆನಾಡು

ಮೇಷ್ಟ್ರ ತಿದ್ದುಪಡಿಗೆ ಕೃತಜ್ಞತೆಗಳು. ಇಷ್ಟು ವರ್ಷ ಮಗಳಿಗೂ ತಪ್ಪನ್ನೇ ಹೇಳಿಕೊಡುತ್ತಾ ಬಂದಿದ್ದೆ. ಪ್ರೊಚಿದಾ ನನಗೂ ಬಹಳ ಇಷ್ಟ, ಆದರೆ ಅಮ್ಮನ ಕ್ಯಾಲೆಂಡರಿನಲ್ಲಿ ಇದ್ದದ್ದು ಕಾಪ್ರಿ. ಅವರು ಅಲ್ಲಿಗೇ ಹೋಗಲಿ ಎಂಬುದು ನನ್ನ ಆಸೆ.

ಉತ್ತರ 6: ಕುಕ್ಕರಹಳ್ಳಿ_ಕೆರೆ

ಹೋಗಿ ಬಂದೆವು. ಇಷ್ಟು ಸಮಯ ಕೊಟ್ಟು ಬರೆದ ನಿಮ್ಮೆಲ್ಲರಿಗೂ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಕಾಳಿನದಿಯವರ ಮಾತಿನಂತೆ ನಾವೆಯಲ್ಲೇ ಹೊರಟೆವು. ಅಮ್ಮ ಅಟ್ಟದ ನಡುಭಾಗದ ಬೆಂಚಿನ ಮೇಲೆ ಶಾಲು ಹೊದ್ದು ಕುಳಿತರು. ಹೊಟ್ಟೆ ತೊಳಸಲಿಲ್ಲ, ವೆಸೂವಿಯಸ್ ಬೆಟ್ಟವನ್ನು ನೋಡಿ ಚಾಮುಂಡಿ ಬೆಟ್ಟಕ್ಕಿಂತ ಎಷ್ಟು ಎತ್ತರ ಎಂದು ಕೇಳಿದರು. ಮರೀನಾ ಗ್ರಾಂದೆಯಲ್ಲಿ ಇಳಿದಾಗ ನೀರು ಅಲುಗದೆ ನಿಂತಿತ್ತು. ಹಾಗಿದ್ದರೂ ದೋಣಿ ಟಿಕೆಟ್ಟಿನ ಗೂಡಂಗಡಿಯ ಮುಂದೆ, ನೀಲಿ ಗುಹೆ 'ಕ್ಯೂಸಾ', ಅಂದರೆ ಮುಚ್ಚಿದೆ ಎಂದು ಕೈಬರಹದ ಫಲಕ ನೇತುಹಾಕಿದ್ದರು. ಹಿಂದಿನ ರಾತ್ರಿ ವಾಯವ್ಯದ ಗಾಳಿ ಬೀಸಿತ್ತಂತೆ. ನಾನು ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಆ ಫಲಕವನ್ನು ಸ್ವಲ್ಪ ಹೊತ್ತು ನೋಡಿದರು, ಚೀಲದ ಜಿಪ್ಪನ್ನು ತೆಗೆದು ಮತ್ತೆ ಹಾಕಿದರು. "ಆಗಲಿ ಬಿಡು, ಬೇರೆ ಏನಿದೆ ನೋಡೋಣ" ಎಂದರು. ಗುಹೆ ತೆರೆದಿದ್ದರೂ ಅವರನ್ನು ಒಳಗೆ ಕಳಿಸಬಾರದೆಂದು ನಾವು ಗಂಡ-ಹೆಂಡತಿ ಮೊದಲೇ ನಿರ್ಧರಿಸಿದ್ದೆವು, ಅದನ್ನು ಅವರಿಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಗಾಳಿಯೇ ಆ ಕೆಲಸ ಮಾಡಿತು.

ಅನಾಕಾಪ್ರಿಗೆ ಟ್ಯಾಕ್ಸಿಯಲ್ಲಿ ಹೋದೆವು. ಚೇರ್‌ಲಿಫ್ಟಿನ ಕುರ್ಚಿಗಳು ಬರುವ ವೇಗವನ್ನು ನೋಡಿ ಅಮ್ಮ ತಾವೇ ಬೇಡವೆಂದರು. ತಂದೆ-ಮಗ ಮೇಲಕ್ಕೆ ಹೋದರು, ನಾವಿಬ್ಬರು ಓಣಿಯಲ್ಲಿ ನಡೆದು ಚರ್ಚಿನ ನೆಲ ನೋಡಿದೆವು. ಗೋಡೆಯಂಚಿನ ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಅಮ್ಮ ಒಂದೊಂದು ಪ್ರಾಣಿಯ ಹೆಸರು ಹೇಳುತ್ತಾ ಹೋದರು. ಮರಿನಾರಾ ಪಿಜ್ಜಾಕ್ಕೆ ನಮ್ಮಲ್ಲಿದ್ದದ್ದು ಅಗಸೆ ಚಟ್ನಿಪುಡಿ, ಅದೂ ಹೊಂದಿತು.

ಮಧ್ಯಾಹ್ನದ ಮೇಲೆ ಬಂದರಿಗೆ ಇಳಿದು ಸುತ್ತಾಟದ ದೋಣಿ ಹತ್ತಿದೆವು. ಹತ್ತುವಾಗ ಇಬ್ಬರು ದೋಣಿಯವರು ಅಮ್ಮನ ಎರಡೂ ಮೊಣಕೈಗಳನ್ನು ಹಿಡಿದುಕೊಂಡರು. ಅಲೆಯಿದ್ದ ಕಡೆಗೆ ಹೋಗದೆ ದೋಣಿ ದಕ್ಷಿಣದ ಬದಿಗಷ್ಟೇ ಹೋಯಿತು, ಫರಾಲ್ಯೋನಿ ಎಂಬ ಕಡಲ ನಡುವಿನ ಮೂರು ಬಂಡೆಗಳ ಬಳಿ ಬಂದು, ನಡುವಿನದರಲ್ಲಿರುವ ಕಮಾನಿನೊಳಗೆ ತೂರಿಕೊಂಡು ಹೊರಬಿತ್ತು. ಸ್ವಲ್ಪ ಮುಂದೆ ಹಸಿರು ಗುಹೆ ಎಂಬಲ್ಲಿ ಎಂಜಿನ್ ನಿಲ್ಲಿಸಿದರು. ಅದು ತೆರೆದ ಗುಹೆ, ಯಾರೂ ಮಲಗಬೇಕಾಗಿಲ್ಲ. ನೀರೊಳಗಿನ ಬೆಳಕು ಚಾವಣಿಯ ಕಲ್ಲಿಗೆ ಬಿದ್ದು, ಸೀರೆಯ ಸೆರಗು ಗಾಳಿಗೆ ಹಾರಿದಂತೆ ಆಡುತ್ತಿತ್ತು. ಅಮ್ಮ ಕತ್ತೆತ್ತಿ ಅದನ್ನೇ ನೋಡಿ, "ಕ್ಯಾಲೆಂಡರಿನಲ್ಲಿ ಬೆಳಕು ಹೀಗೆ ಆಡ್ತಿರಲಿಲ್ಲ" ಎಂದರು.

ಮೇಷ್ಟ್ರು ಹೇಳಿದ ಪ್ರಯೋಗವನ್ನು ಹಿಂದಿರುಗುವ ಹಡಗಿನಲ್ಲಿ ಮಾಡಿದೆವು. ಮಗ ಅವನ ಅಪ್ಪನ ಕನ್ನಡಕ ತೆಗೆದುಕೊಂಡು, ಶಾಲೆಯ ಕೋನಮಾಪಕದಿಂದ 53 ಡಿಗ್ರಿಯನ್ನು ಅಂದಾಜು ಮಾಡಿ ಅಜ್ಜಿಯನ್ನು ಕಟಕಟೆಯ ಬಳಿ ನಿಲ್ಲಿಸಿದ. ಅವರು ಗಾಜನ್ನು ಕಣ್ಣಿನ ಮುಂದೆ ತಿರುಗಿಸುತ್ತಾ "ಹೋಯ್ತು, ಬಂತು, ಹೋಯ್ತು" ಎಂದು ಹೇಳುತ್ತಾ ನಿಂತರು. ಕುಳಿತುಕೊಳ್ಳಿ ಎಂದರೂ ಕೇಳಲಿಲ್ಲ. ನೇಪಲ್ಸ್‌ನ ದೀಪಗಳು ಹತ್ತಿರವಾಗುವವರೆಗೂ ಅಲ್ಲಿಯೇ ಇದ್ದರು. ಅಷ್ಟು ಹೊತ್ತಿಗೆ ನೀರು ಕಪ್ಪಾಗಿತ್ತು.

ಮೇಷ್ಟ್ರೇ, ಅಮ್ಮ ತಮಗೊಂದು ಪ್ರಶ್ನೆ ಕಳಿಸಿದ್ದಾರೆ: ಊರಿಗೆ ಹೋದ ಮೇಲೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಇದನ್ನು ಮಾಡಿದರೆ ಇದೇ ನೀಲಿ ಕಾಣುವುದೇ?

ಉತ್ತರ 7: ನಿವೃತ್ತ_ಮೇಷ್ಟ್ರು_ರಾಜಾಜಿನಗರ

ತಾಯಿಯವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ಹೊಳಪು ಅಲ್ಲಿಯೂ ಹೀಗೆಯೇ ಹೋಗುತ್ತದೆ, ಕೋನವೂ ಅದೇ. ಆದರೆ ಹಿನ್ನೀರಿನಲ್ಲಿ ಹೊಳೆ ತಂದ ಹೂಳು ತೇಲುತ್ತಿರುತ್ತದೆ, ಪಾಚಿಯೂ ಇರುತ್ತದೆ. ಆದ್ದರಿಂದ ಪ್ರತಿಬಿಂಬ ಅಳಿದ ಮೇಲೆ ಕಾಣುವುದು ಹಸಿರು ಅಥವಾ ಕೆಂಗಂದು ಬಣ್ಣ. ಮಳೆಗಾಲ ಕಳೆದು ನೀರು ತಿಳಿಯಾಗುವ ಜನವರಿಯ ಹೊತ್ತಿಗೆ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ನೋಡಲಿ. ಯಾವ ಬಣ್ಣ ಕಂಡಿತೆಂದು ಇಲ್ಲಿ ಬರೆದು ತಿಳಿಸಿದರೆ ಸಂತೋಷ.